ಸಾಚಿಕೋ ಅಕ್ಕನ ಬೆಟ್ಟ

ಜಪಾನಿಗೆ ಹೋಗಿ ಬಂದವಳು ಅಂತ ಗೊತ್ತಾದರೆ ನಮ್ಮ ಕಡೆ ಜನ ಮೊದಲು ಕೇಳುವುದು ರೈಲಿನ ಸುದ್ದಿ. "ಗಾಳಿ ಹಂಗ ಓಡ್ತಾವಂತಲ್ರಿ, ನೀರು ತುಂಬಿದ ಲೋಟ ಇಟ್ರೂ ತುಳುಕಂಗಿಲ್ಲಂತ, ಖರೇನಾ?" ಖರೆ ಎನ್ನುತ್ತೇನೆ. ಆಮೇಲೆ ಊಟದ ಸುದ್ದಿ. ಹಸಿ ಮೀನು ತಿನ್ನುತ್ತಾರಂತೆ, ಹೌದಾ? ಹೌದು ಎನ್ನುತ್ತೇನೆ. ಕೇಳಿದವರು ಮುಖ ಕಿವುಚಿ, ನಕ್ಕು, ಚಹಾ ಕುಡಿದು ಎದ್ದು ಹೋಗುತ್ತಾರೆ. ಬೆಟ್ಟದ ಸುದ್ದಿಯನ್ನು ಯಾರೂ ಕೇಳಿಲ್ಲ. ನಾನು ಬೆಟ್ಟ ಹತ್ತಿದ್ದು ಅವರಿಗೆ ಗೊತ್ತೂ ಇಲ್ಲ.

ನನ್ನ ಹೆಸರು ಕೊಟ್ರಮ್ಮ. ಮನೆ ಕೊಟ್ಟೂರಿನಲ್ಲಿ, ನೌಕರಿ ಹಗರಿಬೊಮ್ಮನಹಳ್ಳಿಯಲ್ಲಿ, ರೇಷ್ಮೆ ಇಲಾಖೆಯಲ್ಲಿ. ರೈತರ ಮನೆಗಳಿಗೆ ಹೋಗಿ ಹುಳ ಹೇಗಿವೆ ನೋಡುವುದು, ಸೊಪ್ಪು ಯಾವಾಗ ಹಾಕಬೇಕು, ಯಾವಾಗ ನಿಲ್ಲಿಸಬೇಕು ಹೇಳುವುದು ನನ್ನ ಕೆಲಸ. ಕೋಗಳಿ ಕಡೆ ಬಸ್ಸು ತಪ್ಪಿದರೆ ನಡೆದೇ ಹೋದವಳು. ಹಡಗಲಿಗೆ ವರ್ಗ ಮಾಡಿದ್ದಾಗ ಮಾಗಳದ ಹೊಳೆ ದಂಡೆಯ ತೋಟಗಳನ್ನೆಲ್ಲ ಕಾಲಲ್ಲೇ ಸುತ್ತಿದವಳು. ಹಾಗಾಗಿ ನಡಿಗೆಯ ಬಗ್ಗೆ ನನಗೆ ಸ್ವಲ್ಪ ಸೊಕ್ಕೇ ಇತ್ತು. ಆದರೆ ನಮ್ಮದು ಬಯಲು ಸೀಮೆ. ಬಯಲಿನಲ್ಲಿ ನಡೆಯುವವರ ಸೊಕ್ಕು ಬೆಟ್ಟಕ್ಕೆ ಏನು ಗೊತ್ತು?

ಎರಡು ಸಾವಿರದ ಮೂರನೇ ಇಸವಿಯಲ್ಲಿ ತರಬೇತಿಗೆಂದು ನನ್ನನ್ನು ಜಪಾನಿಗೆ ಕಳಿಸಿದರು. ಮಗಳು ಹರಪನಹಳ್ಳಿಯಲ್ಲಿ ಕಾಲೇಜು ಓದುತ್ತಿದ್ದಳು. ನಮ್ಮವರು "ಹೋಗಿ ಬಾ, ಮನಿ ನಾನು ನೋಡ್ಕೊಂತೀನಿ" ಅಂದರು. ಹೋದೆ.

ಹಾಸ್ಟೆಲ್ಲಿನ ಅಡುಗೆ ಮನೆ

ನಾವಿದ್ದ ಹಾಸ್ಟೆಲ್ಲು ಬೆಟ್ಟಗಳ ನಡುವಿನ ಸಣ್ಣ ಊರಿನಲ್ಲಿತ್ತು. ಅಲ್ಲಿಯ ಅಡುಗೆ ಮನೆ ಸಾಚಿಕೋ ಅವರದು. ಅರವತ್ತರ ಹತ್ತಿರದ ಕುಳ್ಳನೆಯ ಹೆಂಗಸು, ತಲೆಗೆ ಯಾವಾಗಲೂ ನೀಲಿ ಬಟ್ಟೆ. ಮೊದಲ ವಾರ ನಾನು ಬರೀ ಬಿಳಿ ಅನ್ನಕ್ಕೆ ಶೇಂಗಾ ಚಟ್ನಿಪುಡಿ ಕಲಸಿಕೊಂಡು ತಿಂದು ಏಳುತ್ತಿದ್ದೆ. ಅಲ್ಲಿ ಸಾರಿಗೂ ಮೀನು, ಪಲ್ಯಕ್ಕೂ ಮೀನಿನ ನೀರು. ಒಂದು ದಿನ ಆಕೆ ನನ್ನ ಮುಂದೆ ಬಂದು ಕೂತು, ಯಾಕೆ ಎಂಬಂತೆ ಬಟ್ಟಲು ತೋರಿಸಿದರು. ಒಂದು ಚೀಟಿಯ ಮೇಲೆ ಮೀನಿನ ಚಿತ್ರ ಬರೆದು ಅದರ ಮೇಲೆ ಅಡ್ಡಗೀಟು ಹಾಕಿದೆ. ಮರುದಿನದಿಂದ ನನಗೆ ಬೇರೆ ಪಾತ್ರೆ, ಬೇರೆ ಸೌಟು, ಸಮುದ್ರದ ಪಾಚಿ ಕುದಿಸಿದ ಸಾರು. ಸೌಟು ಅದಲುಬದಲು ಆಗಬಾರದೆಂದು ಅದರ ಹಿಡಿಗೆ ಕೆಂಪು ದಾರ ಕಟ್ಟಿದ್ದರು. ನಮ್ಮ ಮನೆಯಲ್ಲೂ ಇಷ್ಟು ಮಡಿ ಇರಲಿಲ್ಲ.

ಅವರ ಇಂಗ್ಲಿಷು ನನ್ನದರಷ್ಟೇ ಮುರುಕು. ಇಬ್ಬರದೂ ಮುರುಕಾದ್ದರಿಂದ ಯಾರಿಗೂ ನಾಚಿಕೆ ಇರಲಿಲ್ಲ. ಅವರು ಆಡಿದ್ದು ಯಾವ ಭಾಷೆಯಾದರೂ ನನಗೆ ನೆನಪಿರುವುದು ನಮ್ಮ ಕೊಟ್ಟೂರ ಮಾತಿನಲ್ಲೇ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ನನ್ನ ಹೆಸರು ಅವರ ಬಾಯಲ್ಲಿ ಕೊತೊರಾಮ್ಮಾ ಆಯಿತು. ದೊಡ್ಡವರನ್ನು ನಾವು ಅಕ್ಕ ಅನ್ನುತ್ತೇವೆ ಎಂದು ಹೇಳಿದ ದಿನದಿಂದ ಅವರು ನನಗೆ ಸಾಚಿಕೋ ಅಕ್ಕ ಆದರು. ಕರೆದಾಗಲೆಲ್ಲ 'ಹಾಯ್' ಎಂದು ಓಗೊಡುತ್ತಿದ್ದರು. ಅವರ ಭಾಷೆಯಲ್ಲಿ ಹಾಗೆಂದರೆ 'ಹೌದು'.

ಅವರು ಹುಟ್ಟಿದ್ದು ರೇಷ್ಮೆ ಹುಳ ಸಾಕುವ ಮನೆಯಲ್ಲಿ. ಕೆಳಗೆ ಮನುಷ್ಯರು, ಅಟ್ಟದ ಮೇಲೆ ಹುಳ. ಅಲ್ಲಿ ಹುಳಕ್ಕೂ ಬಹುವಚನ ಹಚ್ಚಿ ಮಾತಾಡುತ್ತಾರೆ, ದೇವರಿಗೆ ಹಚ್ಚಿದ ಹಾಗೆ. ನಮ್ಮಲ್ಲಿ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಸುಮ್ಮನೆ ತಲೆಯೆತ್ತಿ ಕೂತರೆ ಅದಕ್ಕೆ ಜ್ವರ ಬಂತು ಅನ್ನುತ್ತೇವೆ ಎಂದೆ. ಅವರಿಗೆ ಬಹಳ ನಗು ಬಂತು. "ನಮ್ಮಲ್ಲಿ ಅದಕ್ಕ ನಿದ್ದಿ ಅಂತೀವಿ. ನಿಮ್ಮ ಹುಳಕ್ಕ ಪಾಪ, ಜ್ವರ!"

ಆ ಊರು ಈಗ ಎಲ್ಲಿದೆ ಎಂದು ಕೇಳಿದೆ. ಅಂಗೈಯನ್ನು ನೆಲದಿಂದ ನಿಧಾನವಾಗಿ ತಲೆಯ ಮಟ್ಟಕ್ಕೆ ಏರಿಸಿದರು. ನೀರು. ಡ್ಯಾಮು ಕಟ್ಟಿದರು, ಊರು ಮುಳುಗಿತು, ಆಗ ಅವರು ಹುಡುಗಿ.

ನಮ್ಮ ಅವ್ವನ ತವರೂ ತುಂಗಭದ್ರಾ ಡ್ಯಾಮಿನ ಹಿನ್ನೀರಿಗೆ ಹೋದ ಊರು. ಆದರೆ ಬಿರುಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಗುಡಿಯ ಕಂಬ, ಮನೆಗಳ ಅಡಿಪಾಯದ ಕಲ್ಲು ಮೇಲೇಳುತ್ತವೆ. ಸಣ್ಣವಳಿದ್ದಾಗ ಅವ್ವ ಕೈ ಹಿಡಿದು ಕರೆದುಕೊಂಡು ಹೋಗಿ "ಇದು ಪಡಸಾಲಿ, ಇಲ್ಲಿ ಒಲಿ ಇತ್ತು ನೋಡು" ಎಂದು ಒಣಗಿ ಬಿರಿದ ಕೆಸರಿನ ಮೇಲೆ ನಿಂತು ತೋರಿಸುತ್ತಿದ್ದಳು. ಇದನ್ನು ಹೇಳಿದಾಗ ಸಾಚಿಕೋ ಅಕ್ಕ ಪಾತ್ರೆ ಒರೆಸುವುದನ್ನು ನಿಲ್ಲಿಸಿದರು.

"ನಿಮ್ಮದು ಪುಣ್ಯದ ನೀರು, ಇಳೀತೈತಿ. ನಮ್ಮದು ಇಳಿಯಂಗಿಲ್ಲ."

"ಹಂಗಾರ ಮತ್ತ ನೋಡೇ ಇಲ್ಲೇನು?"

"ಒಂದು ಬೆಟ್ಟ ಐತಿ. ತುದೀಗೆ ಹೋದ್ರ ನಮ್ಮೂರು ಮುಳುಗಿದ ಕೆರಿ ಪೂರಾ ಕಾಣ್ತೈತಿ. ಸುತ್ತ ಗುಡ್ಡ ಹೆಂಗ ಅದಾವ ನೋಡಿ, ನಮ್ಮ ಮನಿ ಎಲ್ಲಿತ್ತು ಅಂತ ಬೆರಳು ಮಾಡಿ ತೋರಿಸ್ತೀನಿ. ಆದ್ರ ಮುಂಜಾನಿ ಅಷ್ಟ. ಹೊತ್ತು ಏರಿದ ಮ್ಯಾಲೆ ಮೋಡ ಮುಚ್ಚಿಬಿಡ್ತಾವ." ಕೈಯೊರೆಸಿಕೊಂಡು ಅಂದರು, "ಬರ್ತೀಯಾ? ಒಂದು ರಾತ್ರಿ ಅಲ್ಲೇ ಮಲಗಬೇಕು."

ತಕ್ಕಡಿ

ಹೊರಡುವ ಹಿಂದಿನ ದಿನ ನನ್ನ ಗಂಟು ಕಟ್ಟಿಕೊಂಡು ಅಡುಗೆ ಮನೆಗೆ ಹೋದೆ. ಊರಿಂದ ತಂದ ಜಮಖಾನ, ಸ್ಟೀಲು ತಂಬಿಗೆ, ಎರಡು ಸೀರೆ, ಸ್ವೆಟರು, ಟಾರ್ಚು, ಕೊಬ್ಬರಿ ಎಣ್ಣೆ ಬಾಟಲಿ, ಒಣಗಿಸಿದ ಜೋಳದ ಕಟಕ ರೊಟ್ಟಿ, ಚಟ್ನಿಪುಡಿ. ಸಾಚಿಕೋ ಅಕ್ಕ ಹಿಟ್ಟು ತೂಗುವ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ನನ್ನ ಒಂದೊಂದೇ ಸಾಮಾನನ್ನು ಅದರ ಮೇಲಿಟ್ಟು, ತಲೆ ಅಲ್ಲಾಡಿಸಿ ಪಕ್ಕಕ್ಕೆ ಸರಿಸತೊಡಗಿದರು.

"ಇದು ಯಾಕ?"

"ಬೇಕಾದ್ರ ಇರ್ಲಿ ಅಂತ."

"ಇದು?"

"ಅದೂ ಬೇಕಾದ್ರ ಇರ್ಲಿ ಅಂತ."

ನಾವು ಮದುವೆಗೆ ಹೋದರೂ ಹಾಸಿಗೆ ಸುರುಳಿ, ಟ್ರಂಕು, ದಾರಿಗೆ ಬುತ್ತಿ, ಬುತ್ತಿಯ ಮೇಲೆ ಇನ್ನೊಂದು ಬುತ್ತಿ ಕಟ್ಟುವ ಜನ. ಅವರ ಚೀಲ ನೋಡಿದೆ. ಹಳೆಯ ಕೊಡೆಗಳ ಬಟ್ಟೆ ಬಿಚ್ಚಿ ತಾವೇ ಹೊಲಿದದ್ದು. ಎತ್ತಿದರೆ ಒಳಗೆ ಏನೂ ಇಲ್ಲವೇನೋ ಅನ್ನಿಸಬೇಕು. ಹಲ್ಲುಜ್ಜುವ ಬ್ರಶ್ಶಿನ ಹಿಡಿ ಅರ್ಧಕ್ಕೆ ಕತ್ತರಿಸಿದ್ದರು. ಅಂಗಿಗಳ ಕೊರಳಿನ ಚೀಟಿ ಕಿತ್ತಿದ್ದರು. ಒಲೆ ಎಂದರೆ ತಂಪು ಪಾನೀಯದ ಖಾಲಿ ಡಬ್ಬಿಯ ತಳ, ಅದರಲ್ಲಿ ಒಂದು ಗುಟುಕಿನಷ್ಟು ಸ್ಪಿರಿಟು. ಡೇರೆ ಎಂದರೆ ಒಂದು ತೆಳುವಾದ ಬಟ್ಟೆ, ಊರುಗೋಲೇ ಅದರ ಕಂಬ. ಹೊದಿಕೆ ಹಕ್ಕಿಯ ಪುಕ್ಕದ್ದು, ಮಡಚಿದರೆ ಜೋಳದ ರೊಟ್ಟಿಯ ಡಬ್ಬಿಯೊಳಗೆ ಹಿಡಿಯುತ್ತಿತ್ತು.

ಇದೆಲ್ಲ ಉಳ್ಳವರ ಹುಚ್ಚು ಅಂದುಕೊಂಡೆ. ನಮ್ಮ ಕೂಡ್ಲಿಗಿ ಕಡೆ ಕುರಿ ಕಾಯುವವರು ಒಂದು ಕಂಬಳಿ, ಒಂದು ಕೋಲಿನಲ್ಲಿ ವರ್ಷ ಕಳೆಯುತ್ತಾರೆ, ಯಾರೂ ಅದನ್ನು ತಕ್ಕಡಿಗೆ ಹಾಕಿ ನೋಡಿಲ್ಲ.

ಕೊನೆಗೆ ನನ್ನ ಗಂಟಿನಲ್ಲಿ ಉಳಿದದ್ದು ಸ್ವೆಟರು, ಕಟಕ ರೊಟ್ಟಿ, ಚಟ್ನಿಪುಡಿ. ರೊಟ್ಟಿಯನ್ನು ತೂಗಿದ ಸಾಚಿಕೋ ಅಕ್ಕ ಎರಡು ಸಲ ಮುಳ್ಳು ನೋಡಿ "ಇಷ್ಟು ಹಗುರ! ಕೆಡಂಗೂ ಇಲ್ಲೇನು? ಇದನ್ನ ಬೆಟ್ಟಕ್ಕಂತ ಮಾಡ್ತೀರೇನು?" ಅಂದರು. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯ ಕಡೆ ಅವರ ಕಣ್ಣು ಹೋಯಿತು. ಇದನ್ನು ತೆಗೆಯುವಂತಿಲ್ಲ ಎಂದೆ. ಅವರು ತಕ್ಕಡಿಯನ್ನೇ ಎತ್ತಿ ಕಪಾಟಿನಲ್ಲಿಟ್ಟುಬಿಟ್ಟರು.

ಸೀರೆ ನಡೆಯುವುದಿಲ್ಲ ಎಂದು ಅವರದೇ ಒಂದು ಪ್ಯಾಂಟು, ಗಂಟಿನ ಬದಲಿಗೆ ಒಂದು ಹಗುರ ಚೀಲ ಕೊಟ್ಟರು. ನಲವತ್ತು ದಾಟಿದ ಮೇಲೆ ಮೊದಲ ಸಲ ಪ್ಯಾಂಟು ಹಾಕಿದೆ. ಫೋನಿನಲ್ಲಿ ಹೇಳಿದಾಗ ನಮ್ಮವರು "ಹಾಕ್ಕೋ, ಫೋಟೋ ಮಾತ್ರ ತಗಿಸಬ್ಯಾಡ" ಅಂದರು.

ಬೆಟ್ಟದ ಬುಡ

ಬೆಟ್ಟದ ಬುಡದಲ್ಲಿ ಬಿಸಿನೀರಿನ ಬುಗ್ಗೆ ಇತ್ತು. ಹತ್ತುವ ಮುಂಚೆ ಜಳಕ ಮಾಡಿ ಹೋಗೋಣ ಅಂದರು. ಒಳಗೆ ಹೋಗಿ ನೋಡಿದರೆ ಮುದುಕಿಯರು, ಸೊಸೆಯಂದಿರು, ಹುಡುಗಿಯರು ಎಲ್ಲರೂ ಮೈಮೇಲೆ ನೂಲೆಳೆ ಇಲ್ಲದೆ ಹೊಂಡದಲ್ಲಿ ಕೂತು, ಸಂತೆಯಲ್ಲಿ ಸಿಕ್ಕವರ ಹಾಗೆ ಮಾತಾಡುತ್ತಿದ್ದರು. ನಮ್ಮಲ್ಲಿ ಹೊಳೆಯಲ್ಲಿ ಮುಳುಗುವಾಗಲೂ ಸೀರೆ ಉಟ್ಟೇ ಮುಳುಗುತ್ತೇವೆ. ನಾನು ಬಾಗಿಲಲ್ಲಿ ಕೊಟ್ಟ ಟವೆಲನ್ನು ಎದೆಗೆ ಕಟ್ಟಿಕೊಂಡು ನೀರಿಗೆ ಕಾಲಿಟ್ಟೆ. ಮಾತು ಗಕ್ಕನೆ ನಿಂತಿತು. ಬಾಗಿಲಲ್ಲಿದ್ದ ಹೆಂಗಸು ಓಡಿಬಂದು ಸೊಂಟ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದಳು. ಬಟ್ಟೆ ನೀರಿಗೆ ಇಳಿಯುವಂತಿಲ್ಲವಂತೆ. ತಪ್ಪು ನನ್ನದು, ಕ್ಷಮೆ ಅವಳದು. ನಾನು ಗೋಡೆಯ ಕಡೆ ಮುಖ ಮಾಡಿ ಒಂದು ಬಕೆಟ್ಟಿನ ಮುಂದೆ ಕೂತುಬಿಟ್ಟೆ.

ಪಕ್ಕದಲ್ಲಿ ಸಾಚಿಕೋ ಅಕ್ಕ ಬಂದು ಕೂತರು. ತಲೆಯ ಮೇಲೆ ನೀರು ಸುರಿದುಕೊಂಡರು. ಆಗ ಕಂಡಿತು. ಅವರ ಎಡಗಡೆ ಎದೆ ಇರಲಿಲ್ಲ. ಕಂಕುಳಿಂದ ಎದೆಯ ನಡುವಿನವರೆಗೆ ಉದ್ದಕ್ಕೆ ಹೊಲಿಗೆಯ ಗುರುತು.

ನಾನು ಕಣ್ಣು ತಪ್ಪಿಸುವುದರೊಳಗೆ ಅವರು ನೋಡಿಬಿಟ್ಟರು. ಮುಚ್ಚಿಕೊಳ್ಳಲಿಲ್ಲ.

"ಕ್ಯಾನ್ಸರು. ಕೊಯ್ದು ತಗದ್ರು. ಈ ಭುಜ ಈಗ ಭಾರ ತಡಿಯಂಗಿಲ್ಲ. ಡಾಕ್ಟ್ರು ಬೆಟ್ಟ ಬಿಟ್ಟುಬಿಡು ಅಂದ್ರು. ಬೆಟ್ಟ ಬಿಡೂದು ಆಗಂಗಿಲ್ಲ, ಭಾರ ಬಿಡ್ತೀನಿ ಅಂದೆ."

ಕೊಡೆ ಬಟ್ಟೆಯ ಚೀಲ, ಕತ್ತರಿಸಿದ ಬ್ರಶ್ಶು, ಕಿತ್ತ ಚೀಟಿ ಎಲ್ಲ ಒಟ್ಟಿಗೆ ಅರ್ಥವಾಯಿತು. ಕೊಯ್ದ ಮೇಲೆ ಆ ತುದಿಗೆ ಅವರು ಇನ್ನೂ ಹೋಗಿರಲಿಲ್ಲ. ಇದೇ ಮೊದಲ ಸಲ. ಜೊತೆಗೆ ಕರೆದದ್ದು ನನ್ನನ್ನು.

ಟವೆಲು ಬಿಚ್ಚಿಟ್ಟು ಅವರ ಹಿಂದೆಯೇ ಹೊಂಡಕ್ಕಿಳಿದೆ. ಯಾರೂ ನನ್ನನ್ನು ನೋಡಲಿಲ್ಲ. ಅಷ್ಟು ಹೊತ್ತು ನಾನೊಬ್ಬಳೇ ನನ್ನನ್ನು ನೋಡಿಕೊಳ್ಳುತ್ತಿದ್ದೆ.

ಏಣಿಗಳ ದಾರಿ

ಅಲ್ಲಿ ಆಗ ಬೇಸಿಗೆ. ನಮ್ಮಲ್ಲಿ ಆಷಾಢದ ಗಾಳಿ ಬೀಸುವ ಕಾಲ. ದಾರಿಯುದ್ದಕ್ಕೂ ಎದುರಾದವರೆಲ್ಲ ನಮಸ್ಕಾರ ಹೇಳುತ್ತಿದ್ದರು. ಊರೊಳಗೆ ರೈಲಿನಲ್ಲಿ ಮೈಗೆ ಮೈ ತಾಗಿದರೂ ಮಾತಾಡದ ಜನ, ಬೆಟ್ಟದಲ್ಲಿ ಗುರುತಿಲ್ಲದವರಿಗೂ ನಕ್ಕು ನಮಸ್ಕಾರ ಹೇಳುತ್ತಾರೆ. ಹತ್ತುವವರು ಬಂದರೆ ಇಳಿಯುವವರು ಬದಿಗೆ ಸರಿದು ನಿಲ್ಲುತ್ತಾರೆ. ಬಹಳ ಜನ ನನ್ನ ಅವ್ವನ ವಯಸ್ಸಿನವರು. ಎಲ್ಲರ ಚೀಲಕ್ಕೂ ಒಂದು ಸಣ್ಣ ಗಂಟೆ, ಎತ್ತಿನ ಕೊರಳ ಗಂಟೆಯ ಹಾಗೆ. ಕರಡಿಗಳಿಗೆ ಕೇಳಿ ದೂರ ಹೋಗಲಿ ಅಂತ. ಗುಡೇಕೋಟೆ ಕಡೆಯ ನಮ್ಮ ಗುಡ್ಡಗಳಲ್ಲೂ ಕರಡಿ ಇವೆ, ಆದರೆ ಅಲ್ಲಿ ಡಬ್ಬಿ ಬಡಿದು ಕೂಗು ಹಾಕುವುದೇ ಪದ್ಧತಿ. ಹಾಗೆ ಕೂಗಿ ತೋರಿಸು ಎಂದರು ಸಾಚಿಕೋ ಅಕ್ಕ. "ಹೋ... ಹೊಯ್!" ಎಂದು ಎದೆ ತುಂಬ ಕೂಗಿದೆ. ಮೇಲಿನ ತಿರುವಿನಲ್ಲಿದ್ದ ಮುದುಕರ ಗುಂಪೊಂದು ಗಾಬರಿಯಾಗಿ ಅಲ್ಲೇ ನಿಂತುಬಿಟ್ಟಿತು. ನನ್ನ ಪರವಾಗಿ ಅವರೆಲ್ಲರಿಗೂ ಅಕ್ಕ ಬಗ್ಗಿ ಬಗ್ಗಿ ಕ್ಷಮೆ ಕೇಳಬೇಕಾಯಿತು.

ಮರಗಳು ಗಿಡ್ಡವಾಗುತ್ತ ಬಂದು ಕೊನೆಗೆ ಬರೀ ಬಂಡೆ ಉಳಿಯಿತು. ಬಂಡೆಗೆ ಕಬ್ಬಿಣದ ಸರಪಳಿ, ಮರದ ಏಣಿ. ಸಾಚಿಕೋ ಅಕ್ಕ ಎಡಗೈಯನ್ನು ಎದೆಗಿಂತ ಮೇಲೆ ಎತ್ತುತ್ತಿರಲಿಲ್ಲ. ಬಲಗೈಯಲ್ಲಿ ಹಿಡಿ, ಒಂದು ಹೆಜ್ಜೆ, ನಿಂತು ಉಸಿರು, ಮತ್ತೆ ಬಲಗೈ. ಹೀಗೇ ಹತ್ತಿದರು. ಪ್ರತಿ ಏಣಿಯ ತುದಿಯಲ್ಲಿ ತಿರುಗಿ ಕೂತು "ಕೆಳಗ ನೋಡಬ್ಯಾಡ, ನನ್ನ ಮುಖ ನೋಡು" ಅನ್ನುತ್ತಿದ್ದರು. ನಾನು ಅವರ ಮುಖ ನೋಡಿಕೊಂಡೇ ಆ ಬೆಟ್ಟ ಹತ್ತಿದೆ.

ತುದಿಯ ಕೆಳಗಿನ ಬಯಲು

ಸಂಜೆಗೆ ತುದಿಯ ಕೆಳಗಿನ ಒಂದು ಸಮತಟ್ಟು ಜಾಗಕ್ಕೆ ಬಂದೆವು. ಬೆಟ್ಟ ಹತ್ತುವವರು ತಂಗುವ ಒಂದು ಮರದ ಮನೆ, ಅದರ ಸುತ್ತ ನಾಲ್ಕಾರು ಡೇರೆ, ಬಂಡೆಗಳ ನೆರಳಿನಲ್ಲಿ ಇನ್ನೂ ಕರಗದೆ ಉಳಿದ ಕೊಳಕು ಹಿಮ. ತುದಿ ಅಲ್ಲಿಂದಲೇ ಕಾಣುತ್ತಿತ್ತು. ಚಹಾ ಕುದಿಯುವಷ್ಟು ಹೊತ್ತಿನಲ್ಲಿ ಹತ್ತಿಬಿಡಬಹುದು ಅನ್ನಿಸುವಷ್ಟು ಹತ್ತಿರ. ಆದರೆ ಆಗಲೇ ಮೋಡ ಅದರ ಕೊರಳಿಗೆ ಸುತ್ತಿಕೊಂಡಿತ್ತು.

ಊರುಗೋಲು ನಿಲ್ಲಿಸಿ ಬಟ್ಟೆ ಕಟ್ಟಿದರು. ಹಗ್ಗ ಎಂದರೆ ಹೊಲಿಗೆ ದಾರಕ್ಕಿಂತ ತುಸು ದಪ್ಪದ ನೂಲು. ಇದು ತಡೆಯುತ್ತದೆಯೇ ಎಂದೆ. "ಎಳದು ನೋಡು" ಅಂದರು. ಎಳೆದೆ, ಬೆರಳು ಕೊಯ್ಯಿತೇ ಹೊರತು ನೂಲು ಹರಿಯಲಿಲ್ಲ. ಡಬ್ಬಿಯ ಒಲೆಗೆ ಬೆಂಕಿ ಹಚ್ಚಿದರೆ ಉರಿ ಕಾಣುವುದೇ ಇಲ್ಲ, ನೀರು ಮಾತ್ರ ಕುದಿಯುತ್ತದೆ. ಒಣಗಿಸಿದ ಅನ್ನದ ಪೊಟ್ಟಣಕ್ಕೆ ಆ ನೀರು ಸುರಿದು ಸುಮ್ಮನೆ ಕೂತರೆ ಅನ್ನ ಸಿದ್ಧ. ನನ್ನ ರೊಟ್ಟಿ ಮುರಿದು ಚಟ್ನಿಪುಡಿ ಹಚ್ಚಿ ಕೊಟ್ಟೆ. ಖಾರಕ್ಕೆ ಅವರ ಕಣ್ಣು ಮೂಗಲ್ಲೆಲ್ಲ ನೀರು. "ಇದು ಹೊದಿಕಿಗಿಂತ ಬೆಚ್ಚಗ ಐತಿ" ಎಂದು ಇನ್ನೊಂದು ಚೂರು ಕೇಳಿದರು.

ಉಂಡ ಮೇಲೆ ನೆಲದ ಮೇಲಿನ ಹರಳುಗಳನ್ನು ಆಯ್ದು ಒಂದೊಂದೇ ಇಟ್ಟರು. ಇದು ಸೇತುವೆ. ಇದು ಗುಡಿ. ಇದು ಶಾಲೆ. ಇದು ಹಿಪ್ಪುನೇರಳೆ ತೋಟ. ಉದ್ದನೆಯ ಒಂದು ಹರಳು ಹಿಡಿದು ಬಹಳ ಹೊತ್ತು ಯೋಚಿಸಿ ತೋಟದ ಮಗ್ಗುಲಿಗೆ ಇಟ್ಟರು. ಇದು ನಮ್ಮ ಮನೆ.

"ನಿನ್ನ ಮಗಳಿಗೆ ತೋರಿಸೀಯೇನಕ್ಕಾ?"

"ಆಕಿ ಪ್ಯಾಟ್ಯಾಗ ಅದಾಳ. ಬೆಟ್ಟ ಅಂದ್ರ ಆಕಿಗೆ ಆಗಂಗಿಲ್ಲ. ನೀರಾಗ ಹೋದ ಮನಿ ನೋಡಿ ಏನು ಮಾಡ್ಲಿ ಅಂತಾಳ." ಹರಳನ್ನು ಬೆರಳಿನಿಂದ ಸ್ವಲ್ಪ ಸರಿಪಡಿಸಿದರು. "ನಿನಗ ಹಂಗನ್ನಿಸಂಗಿಲ್ಲ. ನಿನಗ ಗೊತ್ತೈತಿ. ನಾಳಿ ಮುಂಜಾನಿ ಮ್ಯಾಲಿಂದ ತೋರಿಸ್ತೀನಿ."

ಕತ್ತಲಾಗುವ ಮೊದಲೇ ಅಲ್ಲಿ ಎಲ್ಲರೂ ಮಲಗಿಬಿಡುತ್ತಾರೆ. ಪುಕ್ಕದ ಹೊದಿಕೆಯಲ್ಲಿ ಮೈ ಬೆಚ್ಚಗಿತ್ತು, ಆದರೆ ಮೈಮೇಲೆ ಏನೂ ಇಲ್ಲದ ಹಾಗಿತ್ತು. ಭಾರದ ಹೊದಿಕೆ ಬಿದ್ದರೇ ನಿದ್ದೆ ಬರುವ ನನಗೆ ಕಣ್ಣು ಹತ್ತುವುದಕ್ಕೆ ತಡವಾಯಿತು.

ಬೆಳಗು

ಎಚ್ಚರವಾದಾಗ ಅಕ್ಕ ಎದ್ದು ಹೊರಗೆ ಕೂತಿದ್ದರು. ಇನ್ನೂ ನಸುಕು. "ಮೋಡ ಇಲ್ಲ!" ಎಂದು ಪಿಸುಗುಟ್ಟಿದರು. ಸಣ್ಣ ಹುಡುಗಿಯ ದನಿ. ಹೊರಗೆ ಇಣುಕಿದೆ. ಆಕಾಶ ತೊಳೆದಿಟ್ಟ ಗಂಗಾಳದ ಹಾಗಿತ್ತು. ತುದಿ ಪೂರಾ ಕಾಣುತ್ತಿತ್ತು, ಒಂದೊಂದು ಕಲ್ಲೂ ಎಣಿಸುವ ಹಾಗೆ. ಬೇರೆ ಡೇರೆಗಳ ಜನ ಆಗಲೇ ದೀಪ ಹಿಡಿದು ಸಾಲಾಗಿ ಹತ್ತುತ್ತಿದ್ದರು.

ಅವಸರದಲ್ಲಿ ಬೂಟು ಹಾಕಿಕೊಂಡು ಹೊರಬಂದೆ. ಎರಡು ಹೆಜ್ಜೆ ಇಟ್ಟಿರಬೇಕು. ಡೇರೆಯ ಆ ನೂಲು ನನ್ನ ಕಣ್ಣಿಗೆ ಕಾಣಲಿಲ್ಲ. ಪಾದ ಅದಕ್ಕೆ ಸಿಕ್ಕಿ, ಮೈ ಮುಂದಕ್ಕೆ ಹೋಯಿತು, ಕಾಲು ಹಿಂದೆ ಉಳಿಯಿತು. ಡೇರೆ ನನ್ನ ಮೇಲೆ ಕುಸಿಯಿತು. ಕಾಲಿನ ಹರಡಿನಲ್ಲಿ ಏನೋ ಚಟ್ಟೆಂದಿತು.

ಅಷ್ಟು ಏಣಿ, ಅಷ್ಟು ಸರಪಳಿ ದಾಟಿ ಬಂದವಳು ಅಂಗಳದಂಥ ಸಮ ನೆಲದಲ್ಲಿ ಬಿದ್ದಿದ್ದೆ. ಮೊದಲು ನಗು ಬಂತು. ಎದ್ದು ನಿಲ್ಲಲು ಹೋದೆ. ಆಮೇಲೆ ನಗಲಿಲ್ಲ.

ಸಾಚಿಕೋ ಅಕ್ಕ ಬೂಟು ಬಿಚ್ಚಿ, ಮೆಲ್ಲಗೆ ಕಾಲು ತಿರುಗಿಸಿ ನೋಡಿ, ತಲೆಯ ನೀಲಿ ಬಟ್ಟೆಯಲ್ಲಿ ಹಿಮ ತುಂಬಿಕೊಂಡು ಬಂದು ಬಿಗಿಯಾಗಿ ಕಟ್ಟಿದರು. ಮುರಿದಿಲ್ಲ, ಉಳುಕಿದೆ ಅಂದರು. ಪೂರ್ವದ ಅಂಚು ಕೆಂಪಾಗುತ್ತಿತ್ತು.

"ಅಕ್ಕಾ, ನೀ ಹೋಗು. ನಾ ಇಲ್ಲೇ ಕುಂದರ್ತೀನಿ."

ಅವರು ಹಿಮದ ಗಂಟನ್ನು ಸರಿಪಡಿಸುತ್ತಿದ್ದರು.

"ಇಲ್ಲೇ ಐತಲ್ಲ ತುದಿ. ಹೋಗಿ ನೋಡ್ಕೊಂಡು ಬಾ. ನನಗೇನಾಗಂಗಿಲ್ಲ. ಹೋಗು!"

"ನೀನಿಲ್ಲದ ಹೋಗಿ ಯಾರಿಗೆ ತೋರಿಸ್ಲಿ?"

"ನನಗ ತೋರಿಸೂದು ಇರ್ಲಿ. ನೀ ನೋಡಿದ್ರ ಸಾಕು. ಮೋಡ ಬಂದುಬಿಡ್ತಾವಕ್ಕಾ."

ಇಂಗ್ಲಿಷು ಮುಗಿದು ಕನ್ನಡಕ್ಕೆ ಇಳಿದಿದ್ದೆ. ಕೈಯಿಂದ ಅವರ ಬೆನ್ನು ದೂಡಿದೆ ಕೂಡ. ಅವರು ನನ್ನ ಕೈ ಹಿಡಿದು ತಮ್ಮ ತೊಡೆಯ ಮೇಲಿಟ್ಟುಕೊಂಡು, ಅವರ ಭಾಷೆಯ ಒಂದು ಗಾದೆ ಹೇಳಿ, ಅದನ್ನು ನನಗೆ ಬಿಡಿಸಿ ಹೇಳಿದರು. "ಬೆಟ್ಟ ಓಡಿ ಹೋಗಂಗಿಲ್ಲ."

ಹೇಳಿ, ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟರು.

ಸೂರ್ಯ ಹುಟ್ಟಿದ. ಮೇಲಿನಿಂದ ಜನರ ಹರ್ಷದ ಕೂಗು ಕೇಳಿಸಿತು. ಸಾಚಿಕೋ ಅಕ್ಕ ಒಂದು ಸಲ ಮಾತ್ರ ತಲೆಯೆತ್ತಿ ಆ ಕಡೆ ನೋಡಿ, ಬಟ್ಟಲಿಗೆ ಚಹಾ ಬಗ್ಗಿಸಿದರು. ಸ್ವಲ್ಪ ಹೊತ್ತಿಗೆ ಜನ ಇಳಿದು ಬರತೊಡಗಿದರು. ಎಲ್ಲರ ಮುಖವೂ ಅರಳಿತ್ತು. ಇಷ್ಟು ತಿಳಿಯಾದ ಬೆಳಗು ಈ ವರ್ಷ ಕಂಡಿಲ್ಲ ಅನ್ನುತ್ತಿದ್ದರಂತೆ. ನನ್ನ ಕಾಲು ನೋಡಿ ಒಬ್ಬ ಗೃಹಸ್ಥರು ಬಂದು ವಿಚಾರಿಸಿದರು. ಅವರ ಕೊರಳಲ್ಲಿ ಹೊಸ ಬಗೆಯ ಕ್ಯಾಮೆರಾ, ತೆಗೆದ ಚಿತ್ರ ಹಿಂಭಾಗದಲ್ಲೇ ಕಾಣುವಂಥದ್ದು. ಅಕ್ಕ ಏನೋ ಕೇಳಿದರು. ಅವರು ಗುಂಡಿ ಒತ್ತಿ ಒತ್ತಿ ಒಂದು ಚಿತ್ರ ತೋರಿಸಿದರು. ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. ನನಗೂ ತೋರಿಸಿದರು. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಗುಡ್ಡಗಳ ನಡುವೆ ಏನೋ ಬೆಳ್ಳಗೆ ಮಿನುಗುತ್ತಿತ್ತು. ಕೆರೆಯೋ, ಬಿಸಿಲೋ.

"ಇಲ್ಲ, ತಿಳಿಯಂಗಿಲ್ಲ" ಎಂದು ಅದನ್ನು ವಾಪಸು ಕೊಟ್ಟು ಅವರಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು.

ಇಳಿದ ದಾರಿ

ಮರದ ಮನೆಯವರು ನನಗೆ ಒಂದು ಕೋಲು ಕೊಟ್ಟರು. ನನ್ನ ಚೀಲವನ್ನು ನಾನೇ ಹೊರುತ್ತೇನೆಂದರೂ ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ತಮ್ಮದನ್ನು ಬೆನ್ನಿಗೆ, ನನ್ನದನ್ನು ಎದೆಗೆ ಹಾಕಿಕೊಂಡರು. ಎರಡೂ ಸೇರಿದರೂ ನಮ್ಮೂರ ಶಾಲೆಯ ಹುಡುಗರ ಪುಸ್ತಕದ ಚೀಲದಷ್ಟು ಭಾರ ಇರಲಿಕ್ಕಿಲ್ಲ. ಆದರೂ ನಾನು ಹಿಂದಿನಿಂದ ನೋಡುತ್ತಿದ್ದೆ. ಹೋಗುತ್ತ ಹೋಗುತ್ತ ಅವರ ಎಡಭುಜ ತಗ್ಗಿತು. ಬಲಗೈ ಪದೇ ಪದೇ ಎಡದ ಪಟ್ಟಿಯ ಕೆಳಗೆ ಹೋಗಿ ಅದನ್ನು ಎತ್ತಿ ಹಿಡಿಯುತ್ತಿತ್ತು. ಏಣಿ ಬಂದಾಗ ನಾನು ಕೂತು ಒಂದೊಂದೇ ಮೆಟ್ಟಿಲು ಜಾರುತ್ತಿದ್ದೆ. ಅವರು ಕೆಳಗೆ ನಿಂತು ನನ್ನ ಉಳುಕಿದ ಪಾದವನ್ನು ಅಂಗೈಯಲ್ಲಿ ಹಿಡಿದು ಮುಂದಿನ ಮೆಟ್ಟಿಲಿಗೆ ಇಡುತ್ತಿದ್ದರು. ನಮ್ಮಲ್ಲಿ ಹಿರಿಯರು ಕಿರಿಯರ ಕಾಲು ಮುಟ್ಟುವುದಿಲ್ಲ. ಬೇಡ ಬೇಡ ಎಂದು ಹೇಳುತ್ತ ಅಳುತ್ತಿದ್ದೆ. ನೋವಿಗೆ ಅಳುತ್ತಿದ್ದೇನೆಂದು ತಿಳಿದು ಅವರು ಇನ್ನೂ ಮೆಲ್ಲಗೆ ಇಡುತ್ತಿದ್ದರು.

ಅರ್ಧ ದಾರಿಯಲ್ಲಿ ಹಿಂದಿನ ದಿನ ನನ್ನ ಕೂಗಿಗೆ ಗಾಬರಿಯಾಗಿದ್ದ ಮುದುಕರು ಸಿಕ್ಕು, ನನ್ನ ಚೀಲವನ್ನು ಅಕ್ಕನಿಂದ ಜುಲುಮೆ ಮಾಡಿ ಇಸಿದುಕೊಂಡರು. ಕೆಳಗೆ ಬಸ್ಸು ಹತ್ತುವಾಗ ಅಕ್ಕನ ಎಡಗೈ ಸರಳು ಹಿಡಿಯಲು ಮೇಲೇಳಲಿಲ್ಲ. ಬಲಗೈಯಿಂದ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತರು. ಹಿಂದೆ ಬೆಟ್ಟದ ತುದಿಗೆ ಆಗಲೇ ಮೋಡ ಕವಿದಿತ್ತು.

ಕಾಲು ವಾಸಿಯಾದ ಮೇಲೆ ಮತ್ತೆ ಹೋಗೋಣ ಎಂದುಕೊಂಡೆವು. ಕಾಲು ವಾಸಿಯಾಯಿತು. ಆದರೆ ಹೋಗಬೇಕೆಂದ ವಾರ ಬಿರುಗಾಳಿ ಮಳೆ ಹಿಡಿದು ದಾರಿ ಮುಚ್ಚಿದರು. ಆಮೇಲೆ ನನ್ನ ತರಬೇತಿಯ ಪರೀಕ್ಷೆ, ಆಮೇಲೆ ವಿಮಾನ. ಹೊರಡುವ ದಿನ ಹಾಸ್ಟೆಲ್ಲಿನ ಬಾಗಿಲಲ್ಲಿ ನಿಂತು, ಬಸ್ಸು ತಿರುಗುವವರೆಗೂ ಬಲಗೈ ಬೀಸುತ್ತಿದ್ದರು.

ಕೊಟ್ಟೂರು

ಊರಿಗೆ ಬಂದ ಮೇಲೆ ಒಂದೆರಡು ಸಲ ಫೋನು ಮಾಡಿದೆ. ಎದುರಿಗಿದ್ದಾಗ ಕೈ, ಕಣ್ಣು, ಹರಳುಗಳೆಲ್ಲ ಸೇರಿ ಮಾತಾಗುತ್ತಿತ್ತು. ಫೋನಿನಲ್ಲಿ ಬರೀ ದನಿ. ಅಕ್ಕ ಅನ್ನುತ್ತಿದ್ದೆ, ಹಾಯ್ ಅನ್ನುತ್ತಿದ್ದರು, ಇಬ್ಬರೂ ನಗುತ್ತಿದ್ದೆವು, ಇಡುತ್ತಿದ್ದೆವು.

ಮುಂದಿನ ತಂಡದಲ್ಲಿ ನಮ್ಮ ಆಫೀಸಿನ ಮಂಜುನಾಥ ಹೋದ. ಹರಪನಹಳ್ಳಿಯವನು, ನನಗಿಂತ ಕಿರಿಯ. ಅವನ ಕೈಯಲ್ಲಿ ಅಕ್ಕನಿಗೆ ಕಟಕ ರೊಟ್ಟಿ, ಚಟ್ನಿಪುಡಿ ಕಳಿಸಿದ್ದೆ. ಅವನು ವಾಪಸು ಬಂದು ಒಂದು ಭಾನುವಾರ ನಮ್ಮ ಮನೆಗೆ ಬಂದ. ಪಡಸಾಲೆಯಲ್ಲಿ ಕೂತು ನಮ್ಮವರ ಜೊತೆ ರೈಲಿನ ಸುದ್ದಿ ಹೇಳಿದ. ನಾನು ಚಹಾ ತಂದಿಟ್ಟು ಕೇಳಿದೆ.

"ಅಕ್ಕ ಹೆಂಗದಾರಪ್ಪ?"

ಅವನು ಬಟ್ಟಲು ಕೆಳಗಿಟ್ಟ.

"ಮೇಡಂ, ಫೋನಿನ್ಯಾಗ ಹೇಳಾದು ಬ್ಯಾಡ ಅಂತ ಸುಮ್ಕಿದ್ದೆ. ನಾವು ಹೋಗೂದ್ರೊಳಗ ಅವರು ತೀರಿಕೊಂಡಿದ್ರು. ಚಳಿಗಾಲದಾಗ ಅಂತ. ಮತ್ತ ಅದ ರೋಗ ತಿರುಗಿ ಬಂದಿತ್ತಂತ್ರಿ. ನಿಮ್ಮ ರೊಟ್ಟಿ ಅವರ ಮಗಳಿಗೆ ಕೊಟ್ಟೆ. ಹಾಸ್ಟೆಲ್ಲಿಗೆ ಬಂದಿದ್ರು, ತಾಯಿ ಸಾಮಾನು ಒಯ್ಯಾಕ."

ನಮ್ಮವರು ನನ್ನ ಮುಖ ನೋಡಿದರು. ಮಂಜುನಾಥನೇ ಮುಂದುವರಿಸಿದ.

"ಅವರ ಮಗಳು ನಿಮ್ಮ ಹೆಸರು ಹೇಳಿದ್ರ ಗುರುತು ಹಿಡಿದ್ರು ಮೇಡಂ. ನೀವು ಬಂದ ಮ್ಯಾಲೆ, ಎಲಿ ಕೆಂಪಾಗೋ ಕಾಲದಾಗ, ಅವರಮ್ಮ ಮತ್ತ ಆ ಬೆಟ್ಟಕ್ಕ ಹೋಗಿದ್ರಂತ. ಒಬ್ರ ಹೋಗಾದು ಬ್ಯಾಡ ಅಂತ ಮಗಳೂ ಜೊತಿಗೆ ಹೋದ್ಲಂತ. ಡೇರೆ ಹಾಕೋ ಜಾಗ ಐತಂತಲ್ರಿ, ಅಲ್ಲೀತನಕ ಹೋದ್ರು. ಮುಂದ ಆಗಲಿಲ್ಲ. ಎದ್ದು ನಿಂತ್ರೂ ಹೆಜ್ಜಿ ಬರ್ಲಿಲ್ಲಂತ. ಮುಂಜಾನಿ ಪೂರಾ ಅಲ್ಲೇ ಕುಂತು, ನನ್ನ ತಂಗಿ ಇಲ್ಲೇ ಬಿದ್ದಿದ್ಲು ನೋಡು ಅಂತ ಜಾಗ ತೋರಿಸಿ ನಕ್ಕು ಇಳಿದು ಬಂದ್ರಂತ."

"ಮಗಳು ಮ್ಯಾಲೆ ಹೋಗಿ ನೋಡಿದ್ಲೇನು?"

"ಅದನ್ನ ನಾನೂ ಕೇಳಿದೆ. ಹೋದ್ಲಂತ. ಮೋಡ ಇತ್ತಂತ. ಏನೂ ಕಾಣಲಿಲ್ಲಂತ."

ಅವನು ಚಹಾ ಕುಡಿದು, ಇನ್ನಷ್ಟು ಹೊತ್ತು ಕೂತು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ. ನಮ್ಮವರು ಅವನನ್ನು ಬಸ್‌ಸ್ಟ್ಯಾಂಡಿನ ತನಕ ಬಿಟ್ಟು ಬರಲು ಹೋದರು. ನಾನು ಬಟ್ಟಲು ತೆಗೆದುಕೊಂಡು ಒಳಗೆ ಹೋದೆ. ತೊಳೆಯಬೇಕೆಂದು ನಲ್ಲಿ ತಿರುವಿ, ತೊಳೆಯದೆ ಹಾಗೇ ನಿಂತೆ.

ಅವತ್ತು ಬೆಳಿಗ್ಗೆ ಅವರ ಕಾಲಲ್ಲಿ ಶಕ್ತಿ ಇತ್ತು. ಆಕಾಶವೂ ತಿಳಿಯಾಗಿತ್ತು. ಎರಡೂ ಒಟ್ಟಿಗೆ ಕೂಡಿ ಬಂದದ್ದು ಆ ಒಂದೇ ಬೆಳಗು, ಅದನ್ನು ಅವರು ನನ್ನ ಕಾಲಿಗೆ ಹಿಮ ಕಟ್ಟುತ್ತ ಕಳೆದರು.